ಮಾಯುವ ಗಾಯ, ಉಳಿಯುವ ಕಲೆ

— ಅಕ್ಕಾ, ಮುಂಬಯಿಯಲ್ಲಿ ಅಂಧೇರಿಯಿಂದ ಬೊರಿವಲಿವರೆಗೆ ಯಾವ ಸ್ಟೇಷನ್ನಿನಿಂದ ಹೊರಬಿದ್ದರೂ ಒಂದು ಸ್ಕಿನ್ ಕ್ಲಿನಿಕ್ಕಿನ ಬೋರ್ಡು ಕಣ್ಣಿಗೆ ಬೀಳುತ್ತದೆ. ಮೊಡವೆ ಗುಳಿಗೆ ಲೇಸರ್, ಬೇಡದ ಕೂದಲಿಗೆ ಲೇಸರ್, ಬಂಗಿಗೂ ಲೇಸರ್. ಗಂಡಸರಿಗೆಂದೇ ಬೇರೆ ಪ್ಯಾಕೇಜುಗಳೂ ಬಂದಿವೆ. ಗಂಡಸರ ಚರ್ಮ ದಪ್ಪ, ತಡೆದುಕೊಳ್ಳುತ್ತದೆ, ಬೇಗ ಮಾಯುತ್ತದೆ; ಹೆಂಗಸರದು ನಾಜೂಕು, ಜೋಪಾನ ಬೇಕು ಎನ್ನುತ್ತಾರೆ. ಇದರಲ್ಲಿ ನಿಜವೆಷ್ಟು?

— ನಿಜವಿದೆ, ಆದರೆ ಅದು ಅರ್ಧ ದಾರಿಯವರೆಗಿನ ನಿಜ. ಲೇಸರ್ ಆದಮೇಲೆ ಚರ್ಮಕ್ಕೆ ಎರಡು ಕೆಲಸ ಇರುತ್ತವೆ. ಮೊದಲನೆಯದು ಗಾಯ ಮುಚ್ಚುವುದು. ಮೊಡವೆ ಗುಳಿಗೆ ಹೆಚ್ಚಾಗಿ ಬಳಸುವ ಫ್ರ್ಯಾಕ್ಷನಲ್ ಕಾರ್ಬನ್ ಡೈಆಕ್ಸೈಡ್ ಲೇಸರನ್ನೇ ತಗೊ. ಅದು ಮುಖವನ್ನು ಪೂರ್ತಿ ಸುಡುವುದಿಲ್ಲ. ಕೂದಲೆಳೆಯಷ್ಟು ಅಗಲದ ಸಾವಿರಾರು ತೂತು ಕೊರೆದು, ನಡುನಡುವೆ ಮುಟ್ಟದ ಚರ್ಮ ಬಿಡುತ್ತದೆ. ಮೊದಲ ದಿನ ಮುಖ ಕೆಂಪಗಾಗಿ, ಸ್ವಲ್ಪ ಊದಿ, ಉರಿಯುತ್ತದೆ. ಎರಡು ಮೂರು ದಿನಕ್ಕೆ ಚಹಾಪುಡಿ ಉದುರಿಸಿದ ಹಾಗೆ ಕಂದು ಚುಕ್ಕೆಗಳು ಕಾಣಿಸಿಕೊಳ್ಳುತ್ತವೆ, ಬೆರಳಾಡಿಸಿದರೆ ತರಿತರಿ. ಸುಮಾರು ಒಂದು ವಾರದೊಳಗೆ ಆ ಹಕ್ಕಳೆ ಉದುರಿ ಕೆಳಗಿನ ಎಳೆ ಚರ್ಮ ಕಾಣುತ್ತದೆ. ಕನ್ನಡಿ ನೋಡಿಕೊಂಡವರು ಎಲ್ಲ ಮುಗಿಯಿತು ಅಂದುಕೊಳ್ಳುವುದು ಇಲ್ಲೇ. ಆದರೆ ಎರಡನೆಯ ಕೆಲಸ ಆಗಷ್ಟೇ ಶುರುವಾಗಿರುತ್ತದೆ. ಬಣ್ಣ ಮೊದಲಿನ ಹದಕ್ಕೆ ಬರಬೇಕು. ನಮ್ಮಂಥ ಕಂದು ಚರ್ಮದಲ್ಲಿ ಸಣ್ಣ ಉರಿಯೂತವಾದರೂ ಸಾಕು, ಮೆಲನಿನ್ ತಯಾರಿಸುವ ಜೀವಕೋಶಗಳು ಕೆರಳುತ್ತವೆ. ಎರಡು, ಮೂರು, ನಾಲ್ಕು ವಾರ ಕಳೆದ ಮೇಲೆ ಗಾಯ ಆದ ಕಡೆಯೆಲ್ಲ ಮಸಿ ಬಳಿದಂತೆ ಕಪ್ಪು ಬರಬಹುದು, ತಿಂಗಳುಗಟ್ಟಲೆ ನಿಲ್ಲಬಹುದು. ಗಂಡು–ಹೆಣ್ಣಿನ ವ್ಯತ್ಯಾಸ ಈ ಎರಡು ಕೆಲಸಗಳಲ್ಲೂ ಒಂದೇ ಥರ ಇಲ್ಲ. ‘ಬೇಗ ಮಾಯುತ್ತದೆ’ ಅನ್ನುವಾಗ ಯಾವುದರ ಮಾತು ಆಡುತ್ತಿದ್ದೇವೆ ಅಂತ ಮೊದಲು ಕೇಳಬೇಕು.

— ಸರಿ, ಮೊದಲನೆಯ ಕೆಲಸದಲ್ಲಾದರೂ ಗಂಡಸರು ಮುಂದಿದ್ದಾರೆ ತಾನೆ?

— ಕೆಲವು ಕಾರಣಗಳಿಗೆ ಹೌದು. ಗಂಡಸರ ಚರ್ಮ ಸರಾಸರಿ ಐದನೇ ಒಂದು ಭಾಗದಷ್ಟು ಹೆಚ್ಚು ದಪ್ಪ, ಕೊಲಾಜೆನ್ ಜಾಸ್ತಿ, ಎಣ್ಣೆ ಜಾಸ್ತಿ. ದಪ್ಪಕ್ಕಿಂತ ಮುಖ್ಯವಾದದ್ದು ಗಡ್ಡ. ಚರ್ಮದ ಮೇಲ್ಪದರ ಸುಟ್ಟುಹೋದಾಗ ಹೊಸ ಪದರ ಬರುವುದು ಗಾಯದ ಅಂಚಿನಿಂದ ಮಾತ್ರ ಅಲ್ಲ, ಕೂದಲಿನ ಬುಡದಿಂದ ಮತ್ತು ಅದಕ್ಕೆ ಅಂಟಿದ ಎಣ್ಣೆಗ್ರಂಥಿಗಳಿಂದ. ಅಲ್ಲಿ ಉಳಿದಿರುವ ಕೋಶಗಳು ಮೇಲೆ ಹತ್ತಿ ಬಂದು, ಸುತ್ತ ಹರಡಿ, ಪಕ್ಕದ ಕೂದಲಿನಿಂದ ಬಂದವನ್ನು ಕೂಡಿಕೊಳ್ಳುತ್ತವೆ. ಮುಖ ಬೇಗ ಮಾಯುವುದಕ್ಕೂ, ಅದೇ ಲೇಸರನ್ನು ಅಷ್ಟೇ ಜೋರಾಗಿ ಕುತ್ತಿಗೆಗೆ ಹೊಡೆದರೆ ಗಾಯದ ಗುರುತು ಉಳಿಯುವುದಕ್ಕೂ ಕಾರಣ ಇದೇ: ಕುತ್ತಿಗೆಯಲ್ಲಿ ಇಂಥ ಕೂದಲಬುಡ ಕಡಿಮೆ. ಗಡ್ಡದ ಜಾಗದಲ್ಲಿ ಅವು ದೊಡ್ಡವು, ಆಳದವರೆಗೆ ಇಳಿದವು, ರಕ್ತ ಸಂಚಾರವೂ ಚೆನ್ನಾಗಿರುತ್ತದೆ. ಆದರೆ ಇದರ ಎದುರು ಇನ್ನೊಂದು ಸಾಕ್ಷ್ಯ ಇಟ್ಟು ನೋಡು. ಇಂಗ್ಲೆಂಡಿನ ಗಿಲಿಯನ್ ಆಶ್‌ಕ್ರಾಫ್ಟ್ ಮತ್ತು ಜೊತೆಗಾರರು 1997ರಲ್ಲಿ ಈಸ್ಟ್ರೋಜೆನ್ ಚರ್ಮದ ಗಾಯವನ್ನು ಬೇಗ ಮಾಯಿಸುತ್ತದೆ ಎಂದು ತೋರಿಸಿದರು. 1999ರಲ್ಲಿ ವಯಸ್ಸಾದ ಗಂಡಸರು, ಹೆಂಗಸರು ಇಬ್ಬರಿಗೂ ಚರ್ಮದ ಮೇಲೇ ಈಸ್ಟ್ರೋಜೆನ್ ಕೊಟ್ಟು ನೋಡಿದರು. ಇಬ್ಬರಲ್ಲೂ ಗಾಯ ಬೇಗ ಮಾಯಿತು. 2002ರ ಪ್ರಯೋಗದಲ್ಲಿ ವೃಷಣ ತೆಗೆದ ಗಂಡು ಇಲಿಗಳ ಗಾಯ ಬೇಗ ಮಾಯಿತು, ಅಂದರೆ ಟೆಸ್ಟೋಸ್ಟೆರೋನ್ ತಡೆಯಾಗಿ ನಿಂತಿತ್ತು. ಅದೇ ಗಂಡು ದೇಹದಲ್ಲಿ ಗಡ್ಡದ ಬುಡ ಗಾಯವನ್ನು ಮುಂದಕ್ಕೆ ಎಳೆಯುತ್ತದೆ, ಹಾರ್ಮೋನು ಹಿಂದಕ್ಕೆ ಎಳೆಯುತ್ತದೆ.

— ಹಾಗಾದರೆ ಹೆಂಗಸರೇ ಬೇಗ ಚೇತರಿಸಿಕೊಳ್ಳಬೇಕಲ್ಲ? ಅದೂ ಅಲ್ಲದೆ ನೀವು ಹೇಳಿದ್ದೆಲ್ಲ ಇಲಿಗಳದ್ದು, ಚಾಕುವಿನಿಂದ ತೆಗೆದ ಸಣ್ಣ ಗಾಯದ್ದು. ಲೇಸರಿನ ಸುಟ್ಟಗಾಯಕ್ಕೆ ಅದನ್ನೇ ಅನ್ವಯಿಸುವುದು ಹೇಗೆ?

— ಎರಡೂ ಆಕ್ಷೇಪ ಸರಿಯಾದವೇ. ಮೊದಲನೆಯದಕ್ಕೆ ಅಮೆರಿಕದಲ್ಲಿ 2006ರಲ್ಲಿ ಪ್ರಕಟವಾದ ಒಂದು ಅಧ್ಯಯನ ಉತ್ತರ ಕೊಡುತ್ತದೆ. ಬಾಯೊಳಗಿನ ಪೊರೆಯಲ್ಲಿ ಒಂದೇ ಅಳತೆಯ ಸಣ್ಣ ಗಾಯ ಮಾಡಿ ನೋಡಿದಾಗ ಹೆಂಗಸರದ್ದೇ ನಿಧಾನವಾಗಿ ಮಾಯಿತು. ದೇಹದ ಒಂದು ಕಡೆ ಹೆಣ್ಣಿಗೆ ಅನುಕೂಲ, ಇನ್ನೊಂದು ಕಡೆ ಗಂಡಿಗೆ. ಹಾಗಾಗಿ ಇಡೀ ದೇಹಕ್ಕೆ ಒಂದೇ ತೀರ್ಪು ಕೊಡಲಾಗದು. ಎರಡನೆಯದು ಇನ್ನೂ ಗಂಭೀರ: ಲೇಸರಿನ ಗಾಯದ ಬಗ್ಗೆ ಗಂಡಸರಿಂದ ಸಿಕ್ಕ ಸಾಕ್ಷ್ಯವೇ ಕಡಿಮೆ. ಬೇರೆ ಬೇರೆ ಔಷಧಗಳ ಪ್ರಯೋಗದಲ್ಲಿ ಹೆಂಗಸರನ್ನು ಹೊರಗಿಟ್ಟದ್ದಕ್ಕೆ ದೊಡ್ಡ ಜಗಳವೇ ಆಗಿ, 1993ರಲ್ಲಿ ಅಮೆರಿಕ ಕಾನೂನು ಮಾಡಿ ಅವರನ್ನು ಸೇರಿಸಬೇಕಾಯಿತು. ಸೌಂದರ್ಯ ಚಿಕಿತ್ಸೆಯಲ್ಲಿ ಇದು ತಿರುಗುಮುರುಗು: ಚಿಕಿತ್ಸೆಗೆ ಬರುವವರೂ, ಅಧ್ಯಯನಕ್ಕೆ ಸೇರುವವರೂ ಬಹುಪಾಲು ಹೆಂಗಸರು. ಗಂಡಸರ ಬಗ್ಗೆ ಕ್ಲಿನಿಕ್ಕುಗಳು ಹೇಳುವ ಮಾತು ಹೆಚ್ಚಿನಂಶ ದಪ್ಪ, ಎಣ್ಣೆ, ಗಡ್ಡಗಳಿಂದ ಮಾಡಿದ ಊಹೆ. ಇದಕ್ಕಿಂತಲೂ ಮುಂಬಯಿಯವರು ಗಮನಿಸಬೇಕಾದ ಕೊರತೆ ಬೇರೊಂದಿದೆ. ಆ ಅಧ್ಯಯನಗಳಲ್ಲಿ ಬಹಳಷ್ಟು ಬಿಳಿ ಚರ್ಮದ ಮೇಲೆ ನಡೆದವು. ಚರ್ಮದ ಬಣ್ಣವನ್ನು ವರ್ಗ ಮಾಡಲು ಎಲ್ಲ ಕಡೆ ಬಳಸುವ ಫಿಟ್ಜ್‌ಪ್ಯಾಟ್ರಿಕ್ ಪಟ್ಟಿ 1975ರಲ್ಲಿ ಹುಟ್ಟಿದ್ದೇ ಬಿಳಿಯರಿಗಾಗಿ. ಕಂದು, ಕಪ್ಪು ಚರ್ಮದ ಐದನೆಯ, ಆರನೆಯ ವರ್ಗ ಆಮೇಲೆ ಸೇರಿದವು. ನಮ್ಮಲ್ಲಿ ಹೆಚ್ಚಿನವರು ನಾಲ್ಕು, ಐದನೆಯ ವರ್ಗದವರು. ಮಂಗಳೂರಿನಿಂದ ಬಂದ ಗಂಡಸು, ಅದೇ ಊರಿನ ಹೆಂಗಸು ಇಬ್ಬರನ್ನೂ ಪಕ್ಕಪಕ್ಕ ಕೂರಿಸಿ, ಮೂರನೆಯವರಾಗಿ ಬಾಸ್ಟನ್ನಿನ ಬಿಳಿಯ ಹೆಂಗಸನ್ನು ಕೂರಿಸಿದರೆ, ಲೇಸರಿನ ನಂತರದ ಬಣ್ಣದ ವಿಚಾರದಲ್ಲಿ ಮೊದಲಿನ ಇಬ್ಬರೇ ಒಂದು ಗುಂಪು. ಹೆಣ್ಣೆಂಬ ಕಾರಣಕ್ಕೆ ಬಾಸ್ಟನ್ನಿನವಳ ಅಂಕಿಅಂಶ ಮಂಗಳೂರಿನವಳಿಗೆ ಹೊಂದುವುದಿಲ್ಲ. ಹೇಳಬೇಕಾದ ಇನ್ನೊಂದು ಮಾತಿದೆ. ಈ ಕಾರ್ಬನ್ ಡೈಆಕ್ಸೈಡ್ ಲೇಸರನ್ನು 1964ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸಿನಲ್ಲಿ ಕಂಡುಹಿಡಿದ ಸಿ. ಕುಮಾರ್ ಪಟೇಲ್ ಹುಟ್ಟಿದ್ದು ಇದೇ ಮಹಾರಾಷ್ಟ್ರದ ಬಾರಾಮತಿಯಲ್ಲಿ. ಯಂತ್ರದ ಮೂಲ ನಮ್ಮವರ ತಲೆಯಿಂದ ಬಂತು. ಅದನ್ನು ಎಷ್ಟು ಜೋರಾಗಿ, ಯಾರಿಗೆ ಹೊಡೆಯಬೇಕು ಎಂಬ ಲೆಕ್ಕದಲ್ಲಿ ನಮ್ಮ ಚರ್ಮ ಬಹಳ ತಡವಾಗಿ ಸೇರಿತು.

— ಬಣ್ಣದ ಮಾತಿಗೆ ಬಂದಿರಿ, ಅಲ್ಲೇ ನಿಲ್ಲೋಣ. ಬಂಗು ಹೆಂಗಸರ ಕಾಯಿಲೆ ಅಂತಲೇ ಎಲ್ಲರೂ ಹೇಳುವುದು. ಬಸಿರಿನಲ್ಲಿ ಕೆನ್ನೆ ಕಪ್ಪಾಗುವುದು ಅಜ್ಜಿಯಂದಿರಿಗೂ ಗೊತ್ತಿತ್ತು. ಹಾಗಾದರೆ ಎರಡನೆಯ ಕೆಲಸದಲ್ಲಿ ಹೆಂಗಸರು ಸೋತಂತಲ್ಲವೇ?

— ಅಲ್ಲಿ ಹೆಣ್ಣಿನ ಹಾರ್ಮೋನಿಗೆ ಪಾತ್ರ ಇದೆ, ಅದನ್ನು ಅಲ್ಲಗಳೆಯುವುದಿಲ್ಲ. ಬಸಿರು, ಗರ್ಭನಿರೋಧಕ ಮಾತ್ರೆ ಎರಡೂ ಬಂಗನ್ನು ಎಬ್ಬಿಸಬಲ್ಲವು. ಬಂಗಿನ ಒಲವಿರುವ ಮುಖಕ್ಕೆ ಜೋರಾದ ಲೇಸರ್ ಹೊಡೆದರೆ ಅದು ಮೊದಲಿಗಿಂತ ಕಪ್ಪಾಗಿ ತಿರುಗಿ ಬರುತ್ತದೆ. ಗಾಯವನ್ನು ಬೇಗ ಮಾಯಿಸುವ ಅದೇ ಈಸ್ಟ್ರೋಜೆನ್ ಬಣ್ಣವನ್ನು ಕೆರಳಿಸುತ್ತದೆ. ಒಂದೇ ಹಾರ್ಮೋನು ಮೊದಲ ವಾರದಲ್ಲಿ ಗೆಳತಿ, ಎರಡನೆಯ ತಿಂಗಳಲ್ಲಿ ಹಗೆ. ಆದರೆ ಬಂಗು ಹೆಂಗಸರದ್ದೇ ಅನ್ನುವ ಮಾತು ನಮ್ಮ ದೇಶದಲ್ಲಿ ನಿಲ್ಲುವುದಿಲ್ಲ. 2010ರಲ್ಲಿ ಪ್ರಕಟವಾದ ನಮ್ಮ ದೇಶದ್ದೇ ಅಧ್ಯಯನವೊಂದರಲ್ಲಿ ಬಂಗಿನ ರೋಗಿಗಳಲ್ಲಿ ಐದರಲ್ಲೊಬ್ಬರು ಗಂಡಸರಿದ್ದರು, ಅವರಲ್ಲಿ ಎದ್ದು ಕಂಡ ಕಾರಣ ಬಿಸಿಲು. ಬಿಸಿಲು ಅಂದರೆ ಇಲ್ಲಿ ಬರೀ ಬಯಲಿನ ಬಿಸಿಲಲ್ಲ. ವಿರಾರ್–ಚರ್ಚ್‌ಗೇಟ್ ಲೋಕಲ್ಲಿನಲ್ಲಿ ದಿನಾ ಓಡಾಡುವವರನ್ನು ನೋಡು. ಬೆಳಿಗ್ಗೆ ಗಾಡಿ ದಕ್ಷಿಣಕ್ಕೆ ಹೋಗುವಾಗ ಪೂರ್ವದ ಬಿಸಿಲು ಎಡಗಡೆಯಿಂದ ಬೀಳುತ್ತದೆ. ಸಂಜೆ ಉತ್ತರಕ್ಕೆ ವಾಪಸಾಗುವಾಗ ಪಶ್ಚಿಮದ ಬಿಸಿಲೂ ಎಡಗಡೆಯಿಂದಲೇ. ಎರಡು ಹೊತ್ತೂ ಮುಂದಕ್ಕೆ ಮುಖ ಮಾಡಿ ಎಡ ಕಿಟಕಿಯಲ್ಲಿ ಕೂರುವವರ ಎಡಗೆನ್ನೆ ದಿನಕ್ಕೆರಡು ಸಲ ಕಾಯುತ್ತದೆ. ಅಲ್ಲಿ ಕೂತವರು ಗಂಡೋ ಹೆಣ್ಣೋ ಅನ್ನುವುದು ಬಿಸಿಲಿಗೆ ಬೇಕಿಲ್ಲ. ಮಳೆಗಾಲದ ಮೋಡ ಕವಿದಾಗಲೂ ನೀಲಾತೀತ ಎ ಕಿರಣ ಇಳಿದು ಬರುತ್ತದೆ, ಮುಚ್ಚಿದ ಗಾಜಿನಿಂದಲೂ ಒಳಗೆ ಬರುತ್ತದೆ.

— ಸನ್‌ಸ್ಕ್ರೀನ್ ಹಚ್ಚಿದರೆ ಮುಗಿಯಿತಲ್ಲ, ಅದು ಇಬ್ಬರಿಗೂ ಒಂದೇ.

— ನನಗೆ ಬಹಳ ಮುಖ್ಯ ಅನಿಸುವ ಸಂಗತಿ ಇರುವುದೇ ಅಲ್ಲಿ. ಕಂದು ಚರ್ಮವನ್ನು ಕಪ್ಪಾಗಿಸಲು ನೀಲಾತೀತ ಕಿರಣವೇ ಬೇಕೆಂದಿಲ್ಲ, ಕಣ್ಣಿಗೆ ಕಾಣುವ ಬೆಳಕೂ ಸಾಕು. 2010ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಕಾಣುವ ಬೆಳಕು ಬಿದ್ದಾಗ ಕಂದು, ಕಪ್ಪು ಚರ್ಮದಲ್ಲಿ ಬಣ್ಣ ಗಾಢವಾಗಿ ನಿಂತಿತು, ಬಿಳಿ ಚರ್ಮದಲ್ಲಿ ಆಗಲಿಲ್ಲ. ಸಾಮಾನ್ಯ ಸನ್‌ಸ್ಕ್ರೀನ್ ಈ ಬೆಳಕನ್ನು ತಡೆಯುವುದಿಲ್ಲ. ತಡೆಯುವುದು ಐರನ್ ಆಕ್ಸೈಡ್ ಬೆರೆತ, ಚರ್ಮದ ಬಣ್ಣದ ಸನ್‌ಸ್ಕ್ರೀನ್. ಅದನ್ನು ಹಚ್ಚಿಕೊಂಡರೆ ಮುಖಕ್ಕೆ ಫೌಂಡೇಶನ್ ಹಾಕಿದಂತೆ ಕಾಣುತ್ತದೆ. ಹೆಂಗಸು ಅದನ್ನು ಹಚ್ಚಿ ಆಫೀಸಿಗೆ ಹೋದರೆ ಯಾರೂ ತಿರುಗಿ ನೋಡುವುದಿಲ್ಲ. ಗಂಡಸು ಹಚ್ಚಿದರೆ ಸಹೋದ್ಯೋಗಿಗಳು ಕೇಳುತ್ತಾರೆ, ಹಾಗಾಗಿ ಅವನು ಹಚ್ಚುವುದಕ್ಕೆ ಹಿಂಜರಿಯುತ್ತಾನೆ, ಹಚ್ಚಿದರೂ ಬೆವರಿನ ನೆಪದಲ್ಲಿ ಒರೆಸಿಬಿಡುತ್ತಾನೆ. ಇಬ್ಬರ ಮೆಲನಿನ್ ಒಂದೇ ಇದ್ದರೂ ಮೂರು ತಿಂಗಳಾದ ಮೇಲೆ ಇಬ್ಬರ ಕೆನ್ನೆ ಒಂದೇ ಥರ ಇರುವುದಿಲ್ಲ. ನಾಳೆ ಯಾರಾದರೂ ಅಳೆದು ನೋಡಿ, ಗಂಡಸರಲ್ಲಿ ಕಪ್ಪುಕಲೆ ಜಾಸ್ತಿ ಅಂತ ಬರೆದರೆ ಅದು ದೇಹದ ವ್ಯತ್ಯಾಸ ಅಂತಲೇ ಪುಸ್ತಕ ಸೇರುತ್ತದೆ. ನಿಜವಾದ ಕಾರಣ ಒಂದು ಟ್ಯೂಬಿನಲ್ಲಿರುತ್ತದೆ, ನಾಚಿಕೆಯಲ್ಲಿರುತ್ತದೆ. ಬೆಂಕಿಯ ಕಾವಿನದ್ದೂ ಹೀಗೇ. ಲೇಸರ್ ಆದ ಮುಖಕ್ಕೆ ಕಾವು ತಾಕಬಾರದು ಅನ್ನುತ್ತಾರೆ, ಹೆಂಗಸರಿಗೆ ಅಡುಗೆ ಬಿಡಿ ಅಂತ ಹೇಳುತ್ತಾರೆ. ಮಾಟುಂಗಾದ ಉಡುಪಿ ಹೋಟೆಲುಗಳ ಒಳಗೆ ದೋಸೆ ಕಾವಲಿಯ ಮುಂದೆ ಹಗಲಿಡೀ ನಿಲ್ಲುವವರಲ್ಲಿ ಹೆಚ್ಚಿನವರು ಗಂಡಸರು. ಅವರನ್ನು ಈ ಪ್ರಶ್ನೆ ಯಾರೂ ಕೇಳುವುದಿಲ್ಲ, ಗಂಡಸಿಗೂ ಅಡುಗೆಗೂ ಸಂಬಂಧ ಇಲ್ಲ ಎಂಬ ಲೆಕ್ಕದಲ್ಲಿ.

— ಅಕ್ಕಾ, ಹೀಗೆ ಒಂದೊಂದಾಗಿ ಬಿಡಿಸುತ್ತಾ ಹೋದರೆ ಕೊನೆಗೆ ಗಂಡು ಹೆಣ್ಣು ಅನ್ನುವುದೇ ಇಲ್ಲ ಅಂದಂತಾಗುತ್ತದೆ. ಬಿಸಿಲು, ಟ್ಯೂಬು, ಕಾವಲಿ ಎಲ್ಲ ಹೊರಗಿನವು. ದೇಹ ಅಂತೊಂದು ಇದೆಯಲ್ಲ? ಇದ್ದದ್ದನ್ನು ಇಲ್ಲ ಅನ್ನುವುದೂ ರೋಗಿಗೆ ಅನ್ಯಾಯವೇ.

— ಇಲ್ಲ ಅನ್ನುತ್ತಿಲ್ಲ. ಮುಟ್ಟು ನಿಲ್ಲುವುದನ್ನೇ ತಗೊ. ಹೆಂಗಸಿನ ಚರ್ಮದ ದಪ್ಪ ಅಲ್ಲಿಯವರೆಗೆ ಹೆಚ್ಚುಕಡಿಮೆ ಹಾಗೇ ಇರುತ್ತದೆ, ಗಂಡಸಿನದು ಪ್ರಾಯದಿಂದಲೇ ಸ್ವಲ್ಪಸ್ವಲ್ಪವಾಗಿ ಸವೆಯುತ್ತದೆ. ಮುಟ್ಟು ನಿಂತ ಮೊದಲ ಐದು ವರ್ಷದಲ್ಲಿ ಹೆಂಗಸಿನ ಚರ್ಮ ಸುಮಾರು 30% ಕೊಲಾಜೆನ್ ಕಳೆದುಕೊಳ್ಳುತ್ತದೆ, ಆಮೇಲೆ ವರ್ಷಕ್ಕೆ 2%ನಂತೆ. ಇದು 1980ರ ದಶಕದಲ್ಲಿ ಲಂಡನ್ನಿನಲ್ಲಿ ಅಳೆದು ಕಂಡುಕೊಂಡದ್ದು. ಕೊಲಾಜೆನ್ ಹೊಸದಾಗಿ ಕಟ್ಟಲಿ ಅಂತಲೇ ಲೇಸರ್ ಹೊಡೆಯುವುದರಿಂದ, 35ರ ಹೆಂಗಸಿಗೂ 55ರ ಹೆಂಗಸಿಗೂ ಒಂದೇ ಲೆಕ್ಕ ಇಡುವುದು ತಪ್ಪು. ಆದರೆ ನೋಡು, ಇಲ್ಲೂ ಕೇಳಬೇಕಾದ ಪ್ರಶ್ನೆ ಹೆಣ್ಣೇ ಅನ್ನುವುದಲ್ಲ, ಮುಟ್ಟು ನಿಂತಿದೆಯೇ, ಎಷ್ಟು ವರ್ಷವಾಯಿತು ಅನ್ನುವುದು. ‘ಹೆಂಗಸರ ಚರ್ಮ’ ಅಂತ ಒಂದು ಪೆಟ್ಟಿಗೆ ಮಾಡಿದರೆ ಈ ಇಬ್ಬರೂ ಅದರಲ್ಲೇ ಬೀಳುತ್ತಾರೆ. ಗಡ್ಡದ ವಿಷಯವೂ ದೇಹದ್ದೇ. ದಪ್ಪ ಎಣ್ಣೆಚರ್ಮದ ಮೇಲೆ ಮುಲಾಮು ದಪ್ಪಗೆ ಮೆತ್ತಿ, ಮುಂಬಯಿಯ ಜೂನ್ ತಿಂಗಳ ಸೆಖೆಯಲ್ಲಿ ಹೆಲ್ಮೆಟ್ ಹಾಕಿ ಓಡಾಡಿದರೆ ಹೊಸ ಮೊಡವೆ, ಬೆವರುಸಾಲೆ, ಕೂದಲಬುಡದ ಕೀವು ಬರುತ್ತದೆ. ಹಕ್ಕಳೆ ಉದುರುವ ಮೊದಲೇ ರೇಜರ್ ಆಡಿಸಿದರೆ ಎಳೆ ಪದರ ಕಿತ್ತು ಬರುತ್ತದೆ, ಅಲ್ಲಿ ಕಪ್ಪುಕಲೆ ಖಾತ್ರಿ. ಪೊಲೀಸು, ಹೋಟೆಲ್ ರಿಸೆಪ್ಷನ್, ವಿಮಾನದ ಸಿಬ್ಬಂದಿ ಹೀಗೆ ದಿನಾ ನುಣ್ಣಗೆ ಕ್ಷೌರ ಮಾಡಲೇಬೇಕಾದ ಡ್ಯೂಟಿ ಇರುವವರಿಗೆ ಇದು ದೊಡ್ಡ ಸಮಸ್ಯೆ, ಗಡ್ಡ ಬಿಡಬಹುದಾದವರಿಗೆ ಅಲ್ಲ. ಹೆಂಗಸರ ಕಡೆ ಪಿಸಿಓಎಸ್ ಎಂಬ ಹಾರ್ಮೋನಿನ ಏರುಪೇರು ಇರುವವರಿಗೆ ಗಲ್ಲದ ಕೂದಲು ತೆಗೆಯಲು ಲೇಸರ್ ಹೊಡೆದಾಗ ಕೆಲವೊಮ್ಮೆ ಸುತ್ತಮುತ್ತ ಇನ್ನಷ್ಟು ಕೂದಲು ದಪ್ಪಗೆ ಬೆಳೆಯುತ್ತದೆ. ಕಪ್ಪು ಕೂದಲಿನ, ಕಂದು ಚರ್ಮದ ಮುಖಗಳಲ್ಲೇ ಅದು ಹೆಚ್ಚು. ಇದನ್ನು ಮೊದಲೇ ಹೇಳದೆ ದುಡ್ಡು ಕಟ್ಟಿಸಿಕೊಳ್ಳುವುದು ನನ್ನ ಪ್ರಕಾರ ಮೋಸ.

— ಹಾಗಾದರೆ ಗಂಡು, ಹೆಣ್ಣು ಎಂಬ ಎರಡು ಪೆಟ್ಟಿಗೆ ಬೇಕೇ ಬೇಕಲ್ಲ, ನೀವೇ ಎರಡೂ ಕಡೆಯ ಪಟ್ಟಿ ಕೊಟ್ಟಿರಿ.

— ಆ ಪಟ್ಟಿಯನ್ನು ಒಬ್ಬ ಟ್ರಾನ್ಸ್ ಹೆಣ್ಣುಮಗಳ ಮುಂದೆ ಇಟ್ಟು ನೋಡು, ಪೆಟ್ಟಿಗೆ ಎಲ್ಲಿ ಒಡೆಯುತ್ತದೆ ಅಂತ ಗೊತ್ತಾಗುತ್ತದೆ. ಪ್ರಾಯದಲ್ಲಿ ಬಂದ ಗಡ್ಡದ ಬುಡ ಅವಳ ಮುಖದಲ್ಲಿದೆ. ಈಸ್ಟ್ರೋಜೆನ್ ಮಾತ್ರೆಯಿಂದ ಅದು ಹೋಗುವುದಿಲ್ಲ, ಅದಕ್ಕೇ ಲೇಸರಿಗೆ ಬಂದಿದ್ದಾಳೆ. ಗಾಯ ಮುಚ್ಚುವಾಗ ಆ ಬುಡಗಳು ಕೆಲಸ ಮಾಡುತ್ತವೆ, ಈಸ್ಟ್ರೋಜೆನ್ ಗಾಯಕ್ಕೆ ಅನುಕೂಲ ಮಾಡುತ್ತದೆ, ಅದೇ ಈಸ್ಟ್ರೋಜೆನ್ ಬಣ್ಣವನ್ನು ಕೆರಳಿಸಬಹುದು. ಕ್ಲಿನಿಕ್ಕಿನ ಫಾರ್ಮಿನಲ್ಲಿ ಗಂಡು ಅಂತ ಗುರುತು ಹಾಕಿದರೆ ಹಾರ್ಮೋನಿನ ಪ್ರಶ್ನೆ ಬಿಟ್ಟುಹೋಗುತ್ತದೆ, ಹೆಣ್ಣು ಅಂತ ಹಾಕಿದರೆ ಗಡ್ಡದ ಆಳ ಬಿಟ್ಟುಹೋಗುತ್ತದೆ. 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕು ರಕ್ಷಣಾ ಕಾಯ್ದೆಯ 15ನೆಯ ಕಲಮು, ವಿಮೆಯ ವೆಚ್ಚದಲ್ಲಿ ಸೇರಬೇಕಾದ ಚಿಕಿತ್ಸೆಗಳ ಸಾಲಿನಲ್ಲಿ ಲೇಸರನ್ನೂ ಹೆಸರಿಸಿದೆ. ಕಾನೂನೇ ಆರೋಗ್ಯದ ವಿಷಯ ಅಂತ ಒಪ್ಪಿದ ಮೇಲೆ ಇದನ್ನು ಅಪರೂಪದ ಪ್ರಕರಣ ಅಂತ ಬದಿಗಿಡುವುದು ಸರಿಯಲ್ಲ. ಅವಳ ಮುಖ ಎಲ್ಲರಿಗೂ ಅನ್ವಯಿಸುವ ವಿಷಯವನ್ನೇ ತೋರಿಸುತ್ತಿದೆ: ಗಂಡು–ಹೆಣ್ಣು ಅನ್ನುವ ಒಂದು ಗುರುತಿನ ಕೆಳಗೆ ಕೂದಲಬುಡ, ಹಾರ್ಮೋನು, ಚರ್ಮದ ದಪ್ಪ, ದಿನಚರಿ ಅಂತ ನಾಲ್ಕಾರು ಬೇರೆ ಬೇರೆ ಸಂಗತಿ ಇವೆ. ಹೆಚ್ಚಿನವರಲ್ಲಿ ಅವು ಒಟ್ಟಿಗೆ ಬರುತ್ತವೆ ಅಂತ ಅವೆಲ್ಲ ಒಂದೇ ಆಗಿಬಿಡುವುದಿಲ್ಲ.

— ಒಪ್ಪಿದೆ. ಆದರೆ ನಡೆಯುವ ಮಾತಾಡಿ. ಇಲ್ಲಿನ ಕ್ಲಿನಿಕ್ಕಿನಲ್ಲಿ ಡಾಕ್ಟರು ಒಬ್ಬರಿಗೆ ಹತ್ತು ನಿಮಿಷ ಕೊಟ್ಟರೆ ಹೆಚ್ಚು. ಸಯನ್, ಕೆಇಎಂ, ನಾಯರ್‌ನಂಥ ಮುನ್ಸಿಪಾಲಿಟಿ ಆಸ್ಪತ್ರೆಗಳ ಚರ್ಮದ ಓಪಿಡಿಯಲ್ಲಿ ಅಷ್ಟೂ ಸಿಗುವುದಿಲ್ಲ. ಅಂಥಲ್ಲಿ ಗಂಡೋ ಹೆಣ್ಣೋ ಅನ್ನುವುದು ಒಂದು ಒಳದಾರಿ. ನೂರಕ್ಕೆ ನೂರು ಸರಿ ಇಲ್ಲದಿದ್ದರೂ ಹೆಚ್ಚಿನವರಿಗೆ ಸರಿ ಹೋಗುತ್ತದೆ.

— ಆ ಒಳದಾರಿ ಎರಡೂ ಕಡೆ ಗುಂಡಿಗೆ ಬೀಳಿಸುತ್ತದೆ, ಅದೇ ನನ್ನ ತಕರಾರು. ಸ್ಟೀರಾಯ್ಡ್ ಮುಲಾಮನ್ನು ತಗೊ. ನಮ್ಮ ದೇಶದ 12 ಕೇಂದ್ರಗಳಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮುಖದ ಚರ್ಮದ ತೊಂದರೆಗೆಂದು ಬಂದ 2926 ಮಂದಿಯಲ್ಲಿ 433 ಮಂದಿ ಮುಖಕ್ಕೆ ಸ್ಟೀರಾಯ್ಡ್ ಹಚ್ಚುತ್ತಿದ್ದರು. ಬೆಳ್ಳಗಾಗಲು ಅಂತ, ಮೊಡವೆಗೆ ಅಂತ, ಪಕ್ಕದ ಮನೆಯವರೋ ಮೆಡಿಕಲ್ ಅಂಗಡಿಯವರೋ ಹೇಳಿದರು ಅಂತ. 2018ರಲ್ಲಿ ಸರಕಾರ ಇಂಥ ಮುಲಾಮುಗಳನ್ನು ಚೀಟಿ ಇಲ್ಲದೆ ಮಾರದಂತೆ ನಿಯಮ ಬಿಗಿ ಮಾಡಿತು. ತಿಂಗಳುಗಟ್ಟಲೆ ಸ್ಟೀರಾಯ್ಡ್ ತಿಂದ ಚರ್ಮ ತೆಳ್ಳಗಾಗಿ, ಕೆಂಪು ನರ ಕಾಣುವಂತಾಗಿ, ಸಣ್ಣದಕ್ಕೂ ಉರಿಯುವಂತಾಗಿರುತ್ತದೆ. ಅದರ ಮೇಲೆ ಲೇಸರ್ ಹೊಡೆದರೆ ಚೇತರಿಕೆ ಹಾಳು. ಹೆಂಗಸರನ್ನು ಈ ಬಗ್ಗೆ ಕೇಳುವ ರೂಢಿ ಉಂಟು. ಗಂಡಸರನ್ನು ಕೇಳುವುದಿಲ್ಲ, ಬೆಳ್ಳಗಾಗುವ ಆಸೆ ಅವರಿಗಿಲ್ಲ ಅಂತ. 2005ರಿಂದಲೇ ಗಂಡಸರಿಗಾಗಿ ಬಿಳುಪಿನ ಕ್ರೀಮು ಮಾರುಕಟ್ಟೆಯಲ್ಲಿದೆ. ಹುಳುಕಡ್ಡಿಗೆ ಅಂತ ತಂದ ಸ್ಟೀರಾಯ್ಡ್ ಬೆರಕೆಯ ಟ್ಯೂಬು ಮನೆಯ ಗಂಡಸರ ಕೈಗೂ ಸಿಗುತ್ತದೆ. ಇನ್ನೊಂದು ಕಡೆ ತಂಬಾಕು. 2016–17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ದೇಶದಲ್ಲಿ 19% ಗಂಡಸರು, 2% ಹೆಂಗಸರು ಸೇದುತ್ತಿದ್ದರು. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಬಿಗಿದು ಗಾಯವನ್ನು ತಡ ಮಾಡುತ್ತದೆ. ಗಂಡಸರನ್ನು ಕೇಳುತ್ತಾರೆ. ಹೆಂಗಸರನ್ನು ಕೇಳುವುದು ಮರ್ಯಾದೆ ಅಲ್ಲ ಅಂತ ಬಿಡುತ್ತಾರೆ, ಸೇದುವ ಹೆಂಗಸು ಎದುರಿಗೇ ಕೂತಿದ್ದರೂ. ಒಳದಾರಿ ಹಿಡಿದದ್ದರಿಂದ ಉಳಿದ ಎರಡು ನಿಮಿಷಕ್ಕೆ ಆಮೇಲೆ ಆರು ತಿಂಗಳ ಕಪ್ಪುಕಲೆಯ ಬೆಲೆ ತೆರಬೇಕಾಗುತ್ತದೆ.

— ಹೆಂಗಸರ ದಣಿವು, ಮನೆಕೆಲಸ, ರಕ್ತಹೀನತೆ ಇವನ್ನಾದರೂ ಹೆಂಗಸರ ಪೆಟ್ಟಿಗೆಗೆ ಹಾಕಬಹುದಲ್ಲ?

— ಅಂಕಿಗಳು ಹಾಗೇ ಹೇಳುತ್ತವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ 57% ರಕ್ತಹೀನತೆ, ಗಂಡಸರಲ್ಲಿ 25%. ಕೊಲಾಜೆನ್ ಗಟ್ಟಿಯಾಗಿ ಹೆಣೆದುಕೊಳ್ಳಲು ಕಬ್ಬಿಣಾಂಶ ಬೇಕು. 2019ರ ಸಮಯ ಬಳಕೆ ಸಮೀಕ್ಷೆಯಲ್ಲಿ ಸಂಬಳವಿಲ್ಲದ ಮನೆಗೆಲಸಕ್ಕೆ ಅದನ್ನು ಮಾಡುವ ಹೆಂಗಸರು ದಿನಕ್ಕೆ 299 ನಿಮಿಷ, ಮಾಡುವ ಗಂಡಸರು 97 ನಿಮಿಷ ಕೊಡುತ್ತಿದ್ದರು. ದಣಿವು ಗಾಯಕ್ಕೆ ತಾಕುತ್ತದೆ ಎಂಬುದಕ್ಕೂ ಸಾಕ್ಷ್ಯ ಇದೆ. ಅಮೆರಿಕದಲ್ಲಿ ಮರೆವಿನ ರೋಗದ ಹಿರಿಯರನ್ನು ವರ್ಷಗಟ್ಟಲೆ ನೋಡಿಕೊಳ್ಳುತ್ತಿದ್ದ ಹೆಂಗಸರ ತೋಳಿನಲ್ಲಿ ಒಂದೇ ಅಳತೆಯ ಸಣ್ಣ ಗಾಯ ಮಾಡಿ, ಅದೇ ವಯಸ್ಸಿನ, ಆ ಹೊರೆ ಇಲ್ಲದ ಹೆಂಗಸರ ಜೊತೆ ಹೋಲಿಸಿದರು. 1995ರಲ್ಲಿ ಪ್ರಕಟವಾದ ಫಲಿತಾಂಶ: ಹೊರೆ ಹೊತ್ತವರ ಗಾಯ ಒಂಬತ್ತು ದಿನ ತಡವಾಗಿ ಮಾಯಿತು. ಎರಡು ಗುಂಪೂ ಹೆಂಗಸರದ್ದೇ, ಗಮನಿಸು. ತಡ ಮಾಡಿದ್ದು ಹೆಣ್ಣುತನವಲ್ಲ, ಹೊರೆ. ಹಾಗಾಗಿ ಸರಾಸರಿ ಅಂಕಿ ಡಾಕ್ಟರಿಗೆ ಯಾರನ್ನು ಏನು ಕೇಳಬೇಕು ಅಂತ ನೆನಪಿಸಲಿ, ಕೇಳದೆ ಬಿಡಲು ನೆಪ ಆಗಬಾರದು. ಮನೆಯಲ್ಲಿ ಹಾಸಿಗೆ ಹಿಡಿದ ತಂದೆಯನ್ನು ಒಬ್ಬನೇ ನೋಡಿಕೊಳ್ಳುತ್ತಾ ರಾತ್ರಿ ಪಾಳಿ ಮಾಡುವ ಗಂಡಸಿನ ಗಾಯವೂ ಹಾಗೇ ತಡವಾಗುತ್ತದೆ.

— ಇಷ್ಟೆಲ್ಲ ತಲೆ ಕೆಡಿಸಿಕೊಳ್ಳುವಷ್ಟು ದೊಡ್ಡ ವಿಷಯವೇ ಇದು? ಚೆಂದ ಕಾಣಲು ಮಾಡಿಸಿಕೊಳ್ಳುವ ಚಿಕಿತ್ಸೆ ತಾನೆ.

— ಮೊಡವೆಯಿಂದ ಕೆನ್ನೆ ತುಂಬ ಗುಳಿ ಬಿದ್ದ ಹುಡುಗನಿಗೆ, ಗಲ್ಲದ ಕೂದಲಿನಿಂದಾಗಿ ದುಪಟ್ಟಾದಿಂದ ಮುಖ ಮುಚ್ಚಿಕೊಂಡು ಕಾಲೇಜಿಗೆ ಹೋಗುವ ಹುಡುಗಿಗೆ ಅದು ಬರೀ ಚೆಂದದ ಪ್ರಶ್ನೆ ಅಲ್ಲ. ಸಂಬಳದಿಂದ ತಿಂಗಳು ತಿಂಗಳು ಉಳಿಸಿ, ಕಂತಿನಲ್ಲಿ ಕಟ್ಟಿ, ರಜೆ ಹೊಂದಿಸಿಕೊಂಡು ಬರುತ್ತಾರೆ. ಕಲೆ ಹೋಗಲಿ ಅಂತ ಬಂದವರು ಮೊದಲಿಗಿಂತ ದೊಡ್ಡ ಕಲೆ ಹೊತ್ತು ಹೋದರೆ ನಿನ್ನ ತಪ್ಪೇ ಅಂತ ಮನೆಯವರೂ ಬೈಯುತ್ತಾರೆ. ಅವರ ಮುಖದ ಜವಾಬ್ದಾರಿ ತೆಗೆದುಕೊಂಡ ಮೇಲೆ ದಪ್ಪ ಚರ್ಮ, ನಾಜೂಕು ಚರ್ಮ ಅಂತ ಒಂದು ಮಾತಿನಲ್ಲಿ ಮುಗಿಸುವುದು ನನಗೆ ಸಹಿಸಲಾಗುವುದಿಲ್ಲ.

— ಹಾಗಾದರೆ ಫಾರ್ಮಿನಲ್ಲಿ ಗಂಡು, ಹೆಣ್ಣು ಎಂಬ ಸಾಲು ತೆಗೆದುಬಿಡಬೇಕಾ?

— ಬೇಡ, ಇರಲಿ. ಅದರ ಕೆಳಗೆ ಇನ್ನಷ್ಟು ಪ್ರಶ್ನೆ ಬರಲಿ, ಎಲ್ಲರಿಗೂ ಒಂದೇ ಪ್ರಶ್ನೆ. ಹಿಂದೆ ಗಾಯವೋ ಮೊಡವೆಯೋ ಆದಾಗ ಕಪ್ಪುಕಲೆ ಎಷ್ಟು ದಿನ ಉಳಿದಿತ್ತು. ಯಾವ ಹಾರ್ಮೋನು ಮಾತ್ರೆ ತಗೊಳ್ಳುತ್ತೀರಿ. ಮುಟ್ಟು ಬರುವವರಾದರೆ ನಿಂತಿದೆಯೇ, ಬಸಿರಿನ ಯೋಚನೆ ಇದೆಯೇ. ಮುಖಕ್ಕೆ ಏನು ಹಚ್ಚುತ್ತೀರಿ, ಟ್ಯೂಬು ತಂದು ತೋರಿಸಿ. ಸೇದುತ್ತೀರಾ. ದಿನಾ ಕ್ಷೌರ ಕಡ್ಡಾಯವೇ. ಬಿಸಿಲಿನಲ್ಲೋ ಬೆಂಕಿಯ ಮುಂದೋ ಎಷ್ಟು ಹೊತ್ತು. ಒಂದು ವಾರ ಕೆಲಸದಿಂದ, ಮನೆಗೆಲಸದಿಂದ ಬಿಡುವು ಸಿಗುತ್ತದೆಯೇ. ಉತ್ತರ ಬರೆದುಕೊಳ್ಳಲು ನರ್ಸ್ ಸಾಕು, ಡಾಕ್ಟರ ಹತ್ತು ನಿಮಿಷ ಉಳಿಯುತ್ತದೆ. ಅನುಮಾನ ಬಂದರೆ ಕಿವಿಯ ಹಿಂದೆಯೋ ದವಡೆಯ ಕೆಳಗೋ ಸಣ್ಣ ಜಾಗದಲ್ಲಿ ಹೊಡೆದು ಒಂದು ತಿಂಗಳು ಕಾಯಲಿ. ಕೂದಲಿಗಾದರೆ ಕಂದು ಚರ್ಮಕ್ಕೆ ಸುರಕ್ಷಿತವಾದ 1064 ನ್ಯಾನೊಮೀಟರ್ ಎನ್‌ಡಿ–ಯಾಗ್ ಯಂತ್ರ ಇದೆಯೇ ಅಂತ ರೋಗಿಯೂ ಕೇಳಲಿ. ಇನ್ನೊಂದು, ಏಳನೆಯ ದಿನ ಹಕ್ಕಳೆ ಉದುರಿತಾ ಅಂತ ವಿಚಾರಿಸಿ ಕಡತ ಮುಚ್ಚುವ ಪದ್ಧತಿ ಹೋಗಬೇಕು. ಕಪ್ಪು ಬರುವುದು ಆಮೇಲೆ. ನಾಲ್ಕನೆಯ ವಾರಕ್ಕೆ ಇನ್ನೊಂದು ಅಪಾಯಿಂಟ್‌ಮೆಂಟ್ ಮೊದಲ ದಿನವೇ ಬರೆದು ಕೊಡಬೇಕು, ಅದರ ದುಡ್ಡು ಮೊದಲಿನ ಬಿಲ್ಲಿನಲ್ಲೇ ಸೇರಿರಬೇಕು, ಗಂಡಸರಿಗೂ.